ವರ್ನಾಳನ್ನು ಜಡ್ಜ್ ಮಾಡಿದ್ದು

ನಾಯಿ ಬಿಡಿಸಿಕೊಳ್ಳಲು ಬರೆದ ಅರ್ಜಿಯ ಮೇಲೆ ಬಾರ್ಬೆಕ್ಯೂ ಸಾಸು ಚೆಲ್ಲಿದ್ದೇ ಆರ್ವಿಲ್ ಟ್ಯಾಕೆಟ್‌ನ ಗ್ರಹಚಾರಕ್ಕೆ ಮೂಲ. ಅವನ ನಾಯಿ ಡಂಪ್ಲಿಂಗ್ ಬೇಲಿ ಹಾರಿದ್ದೇ ತಡ, ಪಕ್ಕದ ಮನೆಯ ಲರ್ಲೀನ್ ಅದು ತನ್ನದೇ ಎಂದು ಕಟ್ಟಿಹಾಕಿಕೊಂಡಿದ್ದಳು. ದಿನಾ ಬೆಳಿಗ್ಗೆ ಅದು ಬೇಲಿಯಾಚೆಯಿಂದ ನೋಡುತ್ತಿತ್ತು. 

ಜಿಲ್ಲಾ ಕೋರ್ಟಿನ ಕ್ಲಾರ್ಕ್ ವರ್ನಾ ಆ ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಂದಕ್ಕೆ ತಳ್ಳಿದಳು. ಹೊಸದಾಗಿ ಬರೆದು ತಂದರೆ ಅಂಚು ಮಡಚಿದೆ ಎಂದಳು. ಚರ್ಚಿನ ಸಿಹಿತಿಂಡಿ ಸ್ಪರ್ಧೆಯಲ್ಲಿ ಅವಳ ಪೀಕನ್ ಪೈಗೆ ಮೂರನೇ ಬಹುಮಾನ ಕೊಟ್ಟವನು ಇದೇ ಆರ್ವಿಲ್ ಎಂಬುದು ಟೆಕ್ಸಾಸಿನ ಆ ಪುಟ್ಟ ಊರಿಗೆಲ್ಲ ಗೊತ್ತು. ಮುದಿ ಜಡ್ಜಿಗೆ ದೂರಿದರೆ, ದೂರನ್ನು ಬರೆದು ಕ್ಲಾರ್ಕ್ ಹತ್ತಿರವೇ ಕೊಡು ಎಂದರು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು.

ಕ್ಷೌರದಂಗಡಿಯ ಹಾಯ್ಟ್‌ಗೆ ತನಗೆ ಕತ್ತರಿಗಿಂತ ಕಾನೂನೇ ಚೆನ್ನಾಗಿ ಬರುತ್ತದೆಂಬ ನಂಬಿಕೆ. ಅವನ ಮಾತು ಕೇಳಿ ಆರ್ವಿಲ್ ಅಪೀಲು ಕೋರ್ಟಿಗೆ ಬರೆದ: ಮ್ಯಾಂಡಮಸ್ ಆದೇಶ ಹೊರಡಿಸಿ, ಕ್ಲಾರ್ಕ್ ತನ್ನ ಕರ್ತವ್ಯ ಮಾಡುವಂತೆ ಆಜ್ಞಾಪಿಸಿ. ಉತ್ತರ ಎರಡೇ ಸಾಲು. ಈ ಕೋರ್ಟು ಆಜ್ಞೆ ಮಾಡಬಹುದಾದದ್ದು ಜಡ್ಜಿಗೆ ಮಾತ್ರ, ಕ್ಲಾರ್ಕಿಗಲ್ಲ.

“ಅಷ್ಟೇ ತಾನೆ? ವರ್ನಾನ್ನೇ ಜಡ್ಜ್ ಮಾಡೋಣ ಬಿಡೋ,” ಎಂದ ಹಾಯ್ಟ್. “ಮುದುಕ ಈ ಸಲ ಚುನಾವಣೆಗೆ ನಿಲ್ತಿಲ್ಲ. ಅವಳೂ ಹಿಂದೆ ವಕೀಲಿಕೆ ಮಾಡ್ದೋಳೇ.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆರ್ವಿಲ್ ತನ್ನ ಪಿಕಪ್ ಗಾಡಿಗೆ ವರ್ನಾಳ ಭಾವಚಿತ್ರ ಅಂಟಿಸಿ ಮನೆಮನೆ ತಿರುಗಿದ, ಆ ಪೈಯನ್ನೂ ಬಾಯಿತುಂಬ ಹೊಗಳಿದ. ವರ್ನಾ ಗೆದ್ದಳು. ಖಾಲಿಯಾದ ಕ್ಲಾರ್ಕ್ ಹುದ್ದೆಗೆ ಜನ ನೇಮಿಸುವುದು ಜಡ್ಜಿನ ಕೆಲಸ. ತನಗಾಗಿ ಬೂಟು ಸವೆಸಿದವನನ್ನು ಅವಳು ಮರೆಯಲಿಲ್ಲ, ಆ ಕುರ್ಚಿಯನ್ನು ಅವನಿಗೇ ಕೊಟ್ಟಳು.

ಮೊಹರು ಕೈಗೆ ಬಂದದ್ದೇ ಆರ್ವಿಲ್ ಜೇಬಿನಿಂದ ತನ್ನ ಅರ್ಜಿ ತೆಗೆದ. ವರ್ನಾ ತಡೆದಳು. ಕ್ಲಾರ್ಕ್ ತನ್ನ ಸ್ವಂತ ಅರ್ಜಿಗೆ ತಾನೇ ಮೊಹರು ಒತ್ತುವಂತಿಲ್ಲ, ಒತ್ತಿದರೆ ಜೈಲು ಎಂದಳು. ಆ ಕಚೇರಿಯಲ್ಲಿ ಇನ್ನೊಬ್ಬ ಕ್ಲಾರ್ಕ್ ಇರಲಿಲ್ಲ.

ಅಷ್ಟರಲ್ಲಿ ಕಿಟಕಿಯ ಮುಂದೆ ಲರ್ಲೀನ್. ನಾಯಿ ಶಾಶ್ವತವಾಗಿ ತನ್ನದೆಂದು ತೀರ್ಪು ಕೊಡಬೇಕೆಂಬ ಅರ್ಜಿ ಅವಳ ಕೈಯಲ್ಲಿತ್ತು.

“ತಗೊಳ್ಳಲ್ಲ,” ಎಂದ ಆರ್ವಿಲ್. “ಬೇಕಾದ್ರೆ ಅಪೀಲು ಕೋರ್ಟಿಗೆ ಹೋಗಮ್ಮ. ಕ್ಲಾರ್ಕಿಗೆ ಆಜ್ಞೆ ಮಾಡೋ ಅಧಿಕಾರ ಅವರಿಗಿಲ್ಲ.”

“ಅವರಿಗಿಲ್ಲ,” ಎಂದಳು ಹಿಂದಿನಿಂದ ವರ್ನಾ. “ನನಗಿದೆ. ಒತ್ತು.”

ಆರ್ವಿಲ್ ಒತ್ತಿದ. ಸೊಟ್ಟಗೆ ಬಿದ್ದಿದೆ ಎಂದು ಲರ್ಲೀನ್ ಇನ್ನೊಮ್ಮೆ ಒತ್ತಿಸಿದಳು.