ಅಪ್ಪನ ಬಸ್ಸು, ನನ್ನ ಪ್ರೊಸೆಸರ್

ನನಗೆ ಬೇಕಾದದ್ದನ್ನು ‘ನನಗೇ ಬೇಕು’ ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಈ ಐವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಬಂದಿಲ್ಲ. ಇನ್ನೊಂದು ಹೋಳಿಗೆ ತಿನ್ನುವ ಮನಸ್ಸಾದರೆ, ಬಟ್ಟಲಲ್ಲಿ ತುಪ್ಪ ಉಳಿದಿದೆ, ಹಾಳಾಗಬಾರದಲ್ಲ ಎನ್ನುತ್ತೇನೆ. ಎಲ್ಲ ಮನೆಗಳ ಗಂಡಸರೂ ಹೀಗೇ ಇರಬಹುದು. ಅಥವಾ ಔರಾದಿನ ಒಂದು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ್ದಕ್ಕೆ, ಪ್ರತಿಯೊಂದರಲ್ಲೂ ಪರರ ಹಿತವನ್ನು ಕಾಣಿಸುವ ಚಟ ನನಗೆ ಅಂಟಿರಬಹುದು. ಅದಕ್ಕೇ, ನನ್ನ ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್ ಬದಲಿಸಬೇಕೆಂಬ ಆಸೆ ಹುಟ್ಟಿದಾಗ ಆ ಆಸೆಯನ್ನು ಅಪ್ಪನ ಹೆಸರಿನಲ್ಲಿ ಮಂಡಿಸಿದೆ.

ಹೌದು, ಈ ವಯಸ್ಸಿನಲ್ಲಿ ನಾನು ಗೇಮ್ ಆಡುತ್ತೇನೆ. ಗುಂಡು ಹಾರಿಸುವ ಗೇಮು. ಹಾರಿಸುವುದಕ್ಕಿಂತ ತಿನ್ನುವುದೇ ಜಾಸ್ತಿ. ವೈರಿ ಎಲ್ಲಿದ್ದಾನೆಂದು ನೋಡುವಷ್ಟರಲ್ಲಿ ನಾನು ನೆಲಕ್ಕೆ ಬಿದ್ದಿರುತ್ತೇನೆ. ಇದಕ್ಕೆ ನನ್ನ ಬೆರಳುಗಳ ನಿಧಾನ ಕಾರಣವಲ್ಲ, ಪ್ರೊಸೆಸರಿನ ನಿಧಾನವೇ ಕಾರಣ ಎಂದು ನಾನು ಬಹಳ ಹಿಂದೆಯೇ ತೀರ್ಮಾನಿಸಿದ್ದೆ. ತೆರೆಯ ಮೇಲೆ ಜನ, ವಾಹನ ಹೆಚ್ಚಾದಾಗ ಅವರೆಲ್ಲರ ಲೆಕ್ಕ ಇಡಬೇಕಾದದ್ದು ಅದೇ. ಅದಕ್ಕೆ ಆಗುವುದಿಲ್ಲ, ಚಿತ್ರ ತಡವರಿಸಿ ಝಟಕಾ ಹೊಡೆಯುತ್ತದೆ. ಆದರೆ ಅದೊಂದನ್ನೇ ಬದಲಿಸಿದರೆ ಸಾಲದಂತೆ. ಹೊಸ ಪ್ರೊಸೆಸರ್ ಹಳೆಯ ಮದರ್‌ಬೋರ್ಡಿನಲ್ಲಿ ಕೂಡುವುದಿಲ್ಲ, ಹೊಸ ಬೋರ್ಡಿಗೆ ಹಳೆಯ ರ‍್ಯಾಮ್ ಆಗುವುದಿಲ್ಲ. ಎತ್ತು ಬದಲಿಸಲು ಹೋದವನು ನೊಗ, ಬಂಡಿ ಎಲ್ಲವನ್ನೂ ಬದಲಿಸಿ ಬಂದ ಹಾಗೆ. ಇಷ್ಟು ದೊಡ್ಡ ಖರ್ಚಿಗೆ ‘ನಾನು ಗುಂಡು ತಿನ್ನುತ್ತೇನೆ’ ಎಂಬ ಕಾರಣ ಸಾಲುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಪ್ಪನ ಕಾರಣ ಗಟ್ಟಿಯಾಗಿತ್ತು. ಅಪ್ಪ ಮೂವತ್ತೆರಡು ವರ್ಷ ಬಸ್ ಓಡಿಸಿದವರು. ಬೀದರ್–ಭಾಲ್ಕಿ, ಬೀದರ್–ಔರಾದ್, ಕೊನೆಕೊನೆಗೆ ಔರಾದ್–ಡಾಬಕಾ. ನಿವೃತ್ತಿಯಾದ ಮೇಲೆ ಬೀದರಿನ ನೌಬಾದಿನಲ್ಲಿರುವ ನಮ್ಮ ಮನೆಯಲ್ಲಿ ಮಾತೇ ಬಿಟ್ಟಂತೆ ಕುಳಿತಿದ್ದರು. ಊಟಕ್ಕೆ ಕರೆದರೆ ಬರುವರು, ಉಂಡು ಹೋಗುವರು. ಅದನ್ನು ನೋಡಲಾಗದೆ ಕಂಪ್ಯೂಟರಿಗೆ ಒಂದು ಸ್ಟೇರಿಂಗ್, ಕಾಲಡಿಗೆ ಪೆಡಲ್ ತಂದು ಬಸ್ ಓಡಿಸುವ ಗೇಮ್ ಹಾಕಿಕೊಟ್ಟೆ. ಮೊದಲ ದಿನ ಅಪ್ಪ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಸ್ಟೇರಿಂಗಿಗೆ ಕೈಮುಗಿದು ಕುಳಿತರು. ತೆರೆಯ ಮೇಲಿದ್ದದ್ದು ಯಾವ ದೇಶದ ರಸ್ತೆಯೋ! ಅಪ್ಪನಿಗೆ ಅದು ಡಾಬಕಾ ರೂಟು. “ಏ ಶೋಭಾ, ಔರಾದ್ ದಾಟ್ತು ನೋಡವ್ವಾ, ಚಹಾ ಇಡು” ಎಂದು ನನ್ನ ಹೆಂಡತಿಗೆ ಕೂಗಿ ಹೇಳಿದರು. ಅವಳು ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಪ್ಪ ಡಿಪೋದ ಶಿಸ್ತನ್ನೂ ಮನೆಗೆ ತಂದರು. ಡಿಪೋದಲ್ಲಿ ಡ್ರೈವರ್ ಡ್ಯೂಟಿ ಮುಗಿಸಿದ ಮೇಲೆ ಗಾಡಿಯ ದೋಷವನ್ನು ಪುಸ್ತಕದಲ್ಲಿ ಬರೆಯಬೇಕು, ಮೆಕ್ಯಾನಿಕ್ ಅದನ್ನು ನೋಡಿ, ಸರಿ ಮಾಡಿ, ಕೆಳಗೆ ಸಹಿ ಹಾಕಬೇಕು. ಸಾಹೇಬರ ಮುಂದೆ ಬಾಯಿಂದ ಹೇಳಲಾಗದ್ದನ್ನೂ ಆ ಪುಸ್ತಕದಲ್ಲಿ ಬರೆಯಬಹುದಿತ್ತಂತೆ. ಅಪ್ಪ ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆದು ದೂರು ಪುಸ್ತಕ ಮಾಡಿದರು. ಮೆಕ್ಯಾನಿಕ್ ನಾನು. ದಿನಾ ಸಂಜೆ ಆಟ ಮುಗಿಸಿ ಎದ್ದು ನಾಲ್ಕು ಸಾಲು ಬರೆದು ನನ್ನ ಮುಂದಿಡುವರು. ನಾನು ‘ಸರಿಪಡಿಸಲಾಗಿದೆ’ ಎಂದು ಬರೆದು ಸಹಿ ಹಾಕುವೆ. ಅಪ್ಪನ ಅಕ್ಷರ ಇತ್ತೀಚೆಗೆ ದೊಡ್ಡದಾಗಿ, ಸಾಲು ಬಿಟ್ಟು ಸೊಟ್ಟಗೆ ಓಡುತ್ತಿತ್ತು. ವಯಸ್ಸಾಯಿತು ಪಾಪ, ಅಂದುಕೊಂಡೆ. ಓದಲು ಹೋಗಲಿಲ್ಲ. ಗಾಳಿಯಲ್ಲಿ ಓಡುವ ಬಸ್ಸಿಗೆ ಎಂಥ ದೋಷ?

ಆದರೆ ಅಪ್ಪನ ಬಸ್ಸು ಎಡವುತ್ತಿದ್ದದ್ದು ಕಣ್ಣಿಗೆ ಕಾಣುವಂತಿತ್ತು. ಸ್ಟ್ಯಾಂಡಿನಲ್ಲಿ ನಿಲ್ಲಬೇಕಾದ ಬಸ್ಸು ಮುಂದೆ ಹೋಗಿ ನಿಲ್ಲುತ್ತಿತ್ತು, ಎದುರು ಬಂದ ಲಾರಿಗೆ ಹೋಗಿ ತಾಗುತ್ತಿತ್ತು. ಅಪ್ಪನ ಕುರ್ಚಿ ದಿನದಿನಕ್ಕೂ ತೆರೆಗೆ ಹತ್ತಿರವಾಗುತ್ತಿತ್ತು. ಮೂವತ್ತೆರಡು ವರ್ಷದಲ್ಲಿ ಒಂದು ಮೇಕೆಗೂ ಬಂಪರ್ ತಾಗಿಸದ ಮನುಷ್ಯ! ಇದು ಪ್ರೊಸೆಸರಿನದೇ ಕಿತಾಪತಿ ಎಂದು ನಾನು ಒಳಗೊಳಗೇ ಹಿಗ್ಗಿದೆ. ಒಂದು ಸಂಜೆ ಗಂಭೀರ ಮುಖ ಮಾಡಿಕೊಂಡು ಶೋಭಾಳ ಮುಂದೆ ವಿಷಯ ಇಟ್ಟೆ.

“ಅಪ್ಪಗ ಭಾಳ ತ್ರಾಸ್ ಆಗ್ಲತ್ತದ. ಪ್ರೊಸೆಸರ್ ಬದಲ ಮಾಡ್ಲೇಬೇಕು.”

“ಮಾವನವರ ಹೆಸರ್ಲೆ ನೀವು ಬಂದೂಕ ಹಿಡಿಯವ್ರು, ನನಗ ಗೊತ್ತಿಲ್ಲೇನ್ರಿ?” ಎಂದಳು. “ಮೊದಲ ಅವರಿಗಿ ಕೇಳ್ರಿ.”

ಕೇಳಿದೆ. ಅಪ್ಪ ನನ್ನನ್ನೇ ದಿಟ್ಟಿಸಿದರು. “ಗಾಡಿಗಿ ಏನಾಗ್ಯದೋ ಬಸ್ಯಾ? ಗಾಡಿ ಬರಾಬರ್ ಅದ. ನೀ ಪುಸ್ತಕ ನೋಡ್ತಿ ಇಲ್ಲ?”

“ದಿನಾ ನೋಡ್ತೇನಿ, ಅಪ್ಪಾ” ಎಂದೆ. ಪಾಪ, ಮಗನಿಗೆ ಖರ್ಚಾಗಬಾರದೆಂದು ಹೀಗನ್ನುತ್ತಾರೆ ಎಂದುಕೊಂಡು ಅವರ ದೊಡ್ಡತನಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿದೆ. ಇಂಥ ತಂದೆಗೆ ಹೊಸ ಪ್ರೊಸೆಸರ್ ಹಾಕಿಸದಿದ್ದರೆ ನಾನೆಂಥ ಮಗ!

ನನ್ನ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ಭಾಲ್ಕಿಯಲ್ಲಿ ಅಂಗಡಿ ಇಟ್ಟಿರುವ ಸುಜಾತಾ ಕಾಂಬಳೆ. ಖಟಕ ಚಿಂಚೋಳಿಯವರು, ಇಂಜಿನಿಯರಿಂಗ್ ಓದಿದವರು. ಗಿರಾಕಿ ತಾನಾಗಿ ಕೊಳ್ಳುತ್ತೇನೆಂದರೂ ಬೇಡ ಎನ್ನುವ ಅಂಗಡಿಕಾರರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಫೋನು ಮಾಡಿದರೆ, “ಸುಮ್ನ ರೊಕ್ಕ ಹಾಳ್ ಮಾಡ್ಕೋಬ್ಯಾಡ್ರಿ ಸರ್. ಯಾವಾಗ ಝಟಕಾ ಹೊಡಿತದ, ಎಲ್ಲಿ ಹೊಡಿತದ, ಬರಕೊಂಡು ತರ್ರಿ” ಎಂದರು. ಬರೆಯುವುದೇನು, ಬರೆದದ್ದೇ ಇದೆಯಲ್ಲ! ಮೂರು ತಿಂಗಳ ದಾಖಲೆ, ದಿನಾಂಕ ಸಹಿತ, ಸಹಿ ಸಹಿತ. ಕಚೇರಿಯಲ್ಲಿ ಕೂಡ ಇಷ್ಟು ಅಚ್ಚುಕಟ್ಟಾದ ಕಡತ ನನ್ನ ಕೈಗೆ ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ದೂರು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಭಾಲ್ಕಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಹೊಸ ಪ್ರೊಸೆಸರಿನಲ್ಲಿ ವೈರಿಗಳನ್ನು ಒಬ್ಬೊಬ್ಬರನ್ನಾಗಿ ಉರುಳಿಸಿದೆ.

ಸುಜಾತಾ ಪುಸ್ತಕ ತೆರೆದು ನಾಲ್ಕು ಪುಟ ಓದಿದರು. ಮತ್ತೆ ಹಿಂದಕ್ಕೆ ತಿರುವಿದರು. ಮುಖ ಸಣ್ಣದಾಯಿತು.

“ಸರ್, ಇದು ನೀವು ಓದೀರಿ?”

“ಸಹಿ ಅದಲ್ರಿ” ಎಂದೆ.

“ಅದೇ ಅದ, ದಿನಾ ಅದ” ಎಂದು ಅವರು ಜೋರಾಗಿ ಓದತೊಡಗಿದರು. “‘ಎದುರಿನ ಗಾಡಿ ದೀಪ ಒಂದು ಇದ್ದದ್ದು ಎರಡು ಕಾಣಸ್ತದ.’ ಕೆಳಗ ನೀವು, ಸರಿಪಡಿಸಲಾಗಿದೆ. ‘ಸ್ಟ್ಯಾಂಡಿನ ಬೋರ್ಡ್ ಓದಲಾಕ ಆಗವಲ್ದು.’ ಸರಿಪಡಿಸಲಾಗಿದೆ. ‘ಡ್ರೈವರ್‌ದು ಬಲಗಣ್ಣು ಪೂರಾ ಮಂಜಾಗ್ಯದ. ಗಾಡಿದು ತಪ್ಪಿಲ್ಲ. ದಯಮಾಡಿ ಸ್ಟೇರಿಂಗ್ ಕಸಕೋಬಾರದು.’” ಅಲ್ಲಿಗೆ ನಿಲ್ಲಿಸಿದರು. ಅದರ ಕೆಳಗೂ ನನ್ನ ಸಹಿ ಇತ್ತು. ಚೆನ್ನಾಗಿಯೇ ಬಂದಿತ್ತು ಸಹಿ, ಕೊನೆಯಲ್ಲಿ ಎರಡು ಚುಕ್ಕೆ ಸಹಿತ.

“ಇದು ಪ್ರೊಸೆಸರಿನ ಕಂಪ್ಲೇಂಟ್ ಅಲ್ರಿ ಸರ್” ಎಂದು ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ನನಗೆ ಭೂಮಿ ಬಾಯ್ಬಿಟ್ಟಿದ್ದರೆ ಸಾಕಿತ್ತು. ಬಸ್ಸಿನಲ್ಲಿ ಬೀದರ್ ಮುಟ್ಟುವವರೆಗೆ ಪುಸ್ತಕದ ಒಂದೊಂದು ಸಾಲನ್ನೂ ಓದಿದೆ. ಮೂರು ತಿಂಗಳು ಅಪ್ಪ ನನಗೆ ದಿನಾ ಕಾಗದ ಬರೆದಿದ್ದರು, ನಾನು ದಿನಾ ಸ್ವೀಕರಿಸಿ ಕಡತಕ್ಕೆ ಹಾಕಿದ್ದೆ. ಕಣ್ಣು ಹೋದ ಡ್ರೈವರನ್ನು ಡಿಪೋದಲ್ಲಿ ಸ್ಟೇರಿಂಗಿನಿಂದ ಇಳಿಸುತ್ತಾರೆ. ಮನೆಯಲ್ಲೂ ಇಳಿಸಿಬಿಡುತ್ತಾರೆಂದು ಹೆದರಿ ಅಪ್ಪ ಬಾಯಿ ಮುಚ್ಚಿಕೊಂಡಿದ್ದರು. ಅವರ ಕಣ್ಣು ಹೋಗುತ್ತಿದ್ದಾಗ ನಾನು ನನ್ನ ಬಂದೂಕಿಗೆ ವೇಗ ಹುಡುಕುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮನೆಗೆ ಬಂದು, “ಅಪ್ಪಾ, ಸ್ಟೇರಿಂಗ್ ನಿಮ್ಮದೇ. ಯಾರೂ ಕಸಕೊಳ್ಳಲ್ಲ. ನಡೀರಿ, ಕಣ್ಣು ತೋರಸಮು” ಎಂದೆ. ಅಪ್ಪ, “ಪುಸ್ತಕ ಓದ್ದಿ?” ಎಂದರು. “ಇವತ್ತ ಓದ್ದೆ” ಎಂದೆ. ಬೈಯುತ್ತಾರೆಂದುಕೊಂಡೆ. “ಇರ್ಲಿ ಬಿಡು. ನಮ್ಮ ಡಿಪೋದ ಮೆಕ್ಯಾನಿಕ್ ಆರು ತಿಂಗಳಿಗಿ ಓದ್ತಿದ್ದ, ನೀ ಮೂರೇ ತಿಂಗಳಿಗಿ ಓದ್ದಿ” ಎಂದು ಎದ್ದು ಚಪ್ಪಲಿ ಮೆಟ್ಟಿದರು.

ಕಣ್ಣಿನ ಆಸ್ಪತ್ರೆಯಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಡಾಕ್ಟರಮ್ಮ ಎಡಗಣ್ಣು ಮುಚ್ಚಿಸಿ, ಗೋಡೆಯ ಕಡೆ ನೋಡಿ ಅಂದದ್ದೇ ತಡ, ಅಪ್ಪ ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಣ್ಣ ಸಾಲಿನವರೆಗೆ ಒಂದೂ ತಪ್ಪದೆ ಗಡಗಡ ಒದರಿದರು. ಡಾಕ್ಟರಮ್ಮ, “ಅಜ್ಜಾರ, ನಾ ಇನ್ನಾ ಚಾರ್ಟ್ ಹಾಕಿಲ್ರಿ” ಎಂದರು. ಡಿಪೋದ ಪ್ರತಿ ಕಣ್ಣು ತಪಾಸಣೆಯಲ್ಲೂ ಸಾಲಿನ ಮೊದಲಿನವನು ಓದಿದ್ದನ್ನು ಹಿಂದಿನವರೆಲ್ಲ ಬಾಯಿಪಾಠ ಮಾಡಿಕೊಳ್ಳುವುದು ಡ್ರೈವರುಗಳ ಹಳೆಯ ಪದ್ಧತಿಯಂತೆ. ನಾಚಿಕೆಯಿಂದ ಅಪ್ಪನ ಕಿವಿ ಕೆಂಪಾಯಿತು. ನನಗೆ ಮಾತ್ರ ಒಂದು ಸಮಾಧಾನ. ನೋಡದೆಯೇ ನೋಡಿದೆ ಎನ್ನುವುದು ನನ್ನೊಬ್ಬನ ಗುಣವಲ್ಲ, ರಕ್ತದಲ್ಲೇ ಬಂದದ್ದು.

ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಆಪರೇಷನ್ ಆಯಿತು. ಪ್ರೊಸೆಸರಿಗೆಂದು ಇಟ್ಟಿದ್ದ ಹಣ ಅಲ್ಲಿಗೆ ಹೋಯಿತು. ಡಾಕ್ಟರಮ್ಮ ಹೇಳಿದಷ್ಟು ದಿನ ಕಳೆದು, ಮೊನ್ನೆ ಸಂಜೆ ಅಪ್ಪ ಮತ್ತೆ ವಿಭೂತಿ ಹಚ್ಚಿಕೊಂಡು ಸ್ಟೇರಿಂಗ್ ಹಿಡಿದರು. ಕುರ್ಚಿ ತೆರೆಯಿಂದ ಎರಡು ಮೊಳ ಹಿಂದೆ ಇತ್ತು. ಬಸ್ಸು ಸ್ಟ್ಯಾಂಡಿನ ಗೆರೆಯ ಮೇಲೆ ಸರಿಯಾಗಿ ನಿಂತಿತು. ಲಾರಿಗಳು ಬದುಕಿದವು. ಚಹಾ ಹೊತ್ತು ಬಂದ ಶೋಭಾಳನ್ನು ನೋಡಿ, “ನಿನ್ನ ಸೀರಿ ಬಣ್ಣ ಇಷ್ಟು ಚಂದ ಅದೇನವ್ವಾ!” ಎಂದರು. ಜನಜಂಗುಳಿಯ ಪೇಟೆ ಬಂದಾಗ ತೆರೆ ತಡವರಿಸಿತು. ಅಪ್ಪ ಹುಬ್ಬು ಗಂಟಿಕ್ಕಿದರು. ನನ್ನ ಎದೆಯಲ್ಲಿ ಹಳೆಯ ಆಸೆ ತಲೆ ಎತ್ತಿತು. ಈಗ ಅಪ್ಪನೇ ಬರೆಯುತ್ತಾರೆ, ಸತ್ಯವಾದ ದೂರು, ಲಿಖಿತ ದೂರು!

ಆಟ ಮುಗಿಸಿ ಅಪ್ಪ ಪುಸ್ತಕ ತಂದಿಟ್ಟರು. ಅಕ್ಷರ ಸಣ್ಣಗೆ, ಗೆರೆಯ ಮೇಲೆ ನೆಟ್ಟಗೆ ಕುಳಿತಿತ್ತು. ಮೂರು ಸಲ ಓದಿದೆ.

‘ಪೇಟ್ಯಾಗ ಗಾಡಿ ಜರಾ ಝಟಕಾ ಹೊಡಿತದ. ನಡೀತದ, ಬದಲ ಮಾಡೋದು ಬ್ಯಾಡ. ಮೆಕ್ಯಾನಿಕ್‌ದು ಕಣ್ಣು ತಪಾಸಣಿ ಮಾಡಸಬೇಕು.’

ಕೆಳಗೆ ಸಹಿ ಹಾಕಿದೆ. ‘ಸರಿಪಡಿಸಲಾಗಿದೆ’ ಎಂದು ಬರೆಯುವ ಧೈರ್ಯ ಮಾತ್ರ ಬರಲಿಲ್ಲ.