ಕೆಂಡಾಮಂಡಲ ಮೇಷ್ಟ್ರ ಅರವತ್ತು ಸೆಕೆಂಡು

ಗಣಿತದ ಮೇಷ್ಟ್ರಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಆ ಸೋಮವಾರ ಮಾತ್ರ ಕಾರಣ ತಾನಾಗಿ ಅವರನ್ನು ಹುಡುಕಿಕೊಂಡು ಬಂತು. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಮೊಬೈಲು ಥೇಟ್ ಅವರದೇ ಧಾಟಿಯಲ್ಲಿ ಗುಡುಗಿತು: "ಯಾರದು ನಕ್ಕಿದ್ದು? ನಗೋಕೆ ಇಲ್ಲೇನು ನಾಟಕ ನಡೀತಿದೆಯಾ?"

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ತ್ರಿಕೋನ ಎಳೆಯುತ್ತಿದ್ದರು. ಆ ಮಾತು ತಮ್ಮ ಬಾಯಿಂದ ಬಂದದ್ದಲ್ಲ ಎಂದು ತಿಳಿಯಲು ಅವರಿಗೇ ಸ್ವಲ್ಪ ಹೊತ್ತು ಹಿಡಿಯಿತು. ದಿನಕ್ಕೆ ಹತ್ತು ಸಲ ಅವರು ಆಡುವ ಮಾತೇ ಅದಾಗಿತ್ತು.

ಅವತ್ತೊಂದು ದಿನ ಅವರು ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಬೆಳಗ್ಗೆ ಊಟದ ಡಬ್ಬಿ ಕೈಗೆ ಕೊಡುತ್ತಾ ಹೆಂಡತಿ ಹೇಳಿದ್ದರು: "ಇವತ್ತು ಬಾಯಿಗೆ ಬೀಗ ಹಾಕ್ಕೊಳ್ಳಿ. ಸಂಜೆ ನಾಲ್ಕು ಹೊಡೆದ ಮೇಲೆ ಮನೆಗೆ ಬಂದು ನನ್ನ ಮೇಲೆ ಎಷ್ಟು ಬೇಕಾದ್ರೂ ಕೂಗಾಡಿ, ಬೇಡ ಅನ್ನಲ್ಲ."

ಶಾಲೆಗೆ ಬಂದರೆ ಹೆಡ್ ಮೇಡಂ ಅವರದೂ ಅದೇ ರಾಗ. "ನೋಡಿ, ನಿಮ್ಮ ಪಾಠದ ಬಗ್ಗೆ ಕಮಿಟಿಯವರದು ತಕರಾರಿಲ್ಲ. ಇರೋದೆಲ್ಲ ಸಿಟ್ಟಿನ ಬಗ್ಗೆ. ಹೇಗೋ ಮಾಡಿ ಒಪ್ಸಿದೀನಿ. ಉಪಮುಖ್ಯೋಪಾಧ್ಯಾಯರ ಕುರ್ಚಿ ನಿಮ್ಮದೇ. ಒಪ್ಪಿಗೆ ಫಾರಂ ಟೈಪ್ ಆಗ್ತಿದೆ, ಆದ ತಕ್ಷಣ ಕಳಿಸ್ತೀನಿ. ಕಮಿಟಿ ಕಾರ್ಯದರ್ಶಿಗಳು ನಾಲ್ಕಕ್ಕೆ ಸರಿಯಾಗಿ ಹೊರಡ್ತಾರೆ. ಅಷ್ಟರೊಳಗೆ ನಿಮ್ಮ ಸಹಿ ಬರಲಿಲ್ಲ ಅಂದ್ರೆ ಕುರ್ಚಿ ಡ್ರಾಯಿಂಗ್ ಮೇಷ್ಟ್ರಿಗೆ ಹೋಗತ್ತೆ."

ಇಪ್ಪತ್ತೆರಡು ವರ್ಷ ಆ ಕುರ್ಚಿಗಾಗಿ ಕಾದಿದ್ದರು ಅವರು. ನಾಲ್ಕು ಗಂಟೆಯವರೆಗೆ ಸುಮ್ಮನಿದ್ದರೆ ಸಾಕಿತ್ತು. ಆದರೆ ಈ ಶಾಲೆಯಲ್ಲಿ ಒಬ್ಬ ಮನುಷ್ಯನನ್ನು ಸುಮ್ಮನಿರಲು ಬಿಡುವ ಪುಣ್ಯಾತ್ಮರು ಒಬ್ಬರಾದರೂ ಇದ್ದರೆ ತಾನೆ?

ಮೇಷ್ಟ್ರು ಹಲ್ಲು ಕಚ್ಚಿಕೊಂಡು ಹಿಂದಿನ ಬೆಂಚಿಗೆ ಹೋಗಿ ಮೊಬೈಲು ಕಿತ್ತುಕೊಂಡರು. ತೆರೆಯ ಮೇಲೆ ಒಂದು ಆಟ ಓಡುತ್ತಿತ್ತು. ಹೆಸರು 'ಕೊನೇ ಬೆಂಚಿನ ವೀರ'. ಅಡಿಕೋಲನ್ನು ಕತ್ತಿಯಂತೆ ಹಿಡಿದ ಒಬ್ಬ ಹುಡುಗ ಕಂಪಾಸ್ ಪೆಟ್ಟಿಗೆಯನ್ನು ಗುರಾಣಿ ಮಾಡಿಕೊಂಡು ಶಾಲೆಯ ಪಡಸಾಲೆಯಲ್ಲಿ ನುಗ್ಗುತ್ತಿದ್ದ. ಹಲ್ಲು ಕಿರಿಯುವ ಹಾಜರಿ ಪುಸ್ತಕಗಳನ್ನು ಹೊಡೆದು ಕೆಡವುತ್ತಿದ್ದ, ಸುಸ್ತಾದರೆ ಬನ್ನು ತಿಂದು ಶಕ್ತಿ ಹೆಚ್ಚಿಸಿಕೊಳ್ಳುತ್ತಿದ್ದ. ಕೊನೆಯ ಕೋಣೆಯಲ್ಲಿ ಅವನಿಗಾಗಿ ಕಾಯುತ್ತಿದ್ದ ಖಳನಾಯಕನ ತಲೆಯ ಮೇಲೆ 'ಕೆಂಡಾಮಂಡಲ ಮೇಷ್ಟ್ರು' ಎಂದು ಬರೆದಿತ್ತು.

ಅದೇ ಹೊಟ್ಟೆ. ಅಂಗಿಯ ಮೂರನೇ ಗುಂಡಿ ಇಲ್ಲ. ಕನ್ನಡಕದ ಎಡಗಡೆಯ ಕಡ್ಡಿ ಮುರಿದಿದ್ದು, ಅದಕ್ಕೆ ಕಪ್ಪು ದಾರ ಸುತ್ತಿದೆ. ಮೇಷ್ಟ್ರು ಮೆಲ್ಲನೆ ತಮ್ಮ ಅಂಗಿಯ ಮೂರನೇ ಗುಂಡಿಯ ಜಾಗ ಮುಟ್ಟಿ ನೋಡಿಕೊಂಡರು.

"ಸಾರ್, ಅದು ನೀವಲ್ಲ ಸಾರ್," ಎಂದಳು ಮೊಬೈಲಿನ ಒಡತಿ, ತುಂಬ ಮರ್ಯಾದೆಯಿಂದ. "ನಿಮ್ಮ ಥರ ಇದಾರೆ ಅಷ್ಟೆ."

ಅಲ್ಲಿಗೆ ಬೀಗ ಒಡೆಯಿತು. ಮೇಷ್ಟ್ರು ಕೂಗಿದ ಕೂಗಿಗೆ ಪಕ್ಕದ ತರಗತಿಯವರು ಪಾಠ ನಿಲ್ಲಿಸಿದರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಎರಡು ಚೀಟಿ, ಒಂದು ಪೆನ್ನು ಹಿಡಿದು ಬಾಗಿಲಿಗೆ ಓಡಿ ಬಂದರು.

ಇದರ ಹಿಂದಿನ ಸಂಗತಿ ಹೇಳಲೇಬೇಕು. ಸೀನಿಯರ್ ಆದ್ದರಿಂದ ಎಲ್ಲರ ರಜಾ ಚೀಟಿಗೆ, ಸಾಮಾನಿನ ಚೀಟಿಗೆ, ಮಕ್ಕಳ ಪ್ರಾಜೆಕ್ಟಿನ ಅರ್ಜಿಗೆ ಮೊದಲು ಗಣಿತದ ಮೇಷ್ಟ್ರ ಸಹಿ ಬೀಳಬೇಕು. ಸಮಾಧಾನದಲ್ಲಿದ್ದರೆ ಅವರು ನೂರೆಂಟು ಪ್ರಶ್ನೆ ಕೇಳಿ ತಲೆ ತಿನ್ನುತ್ತಾರೆ. ಸಿಟ್ಟಿನಲ್ಲಿದ್ದರೆ ಬಂದವರು ತೊಲಗಿದರೆ ಸಾಕು ಎಂದು ಕಣ್ಣೆತ್ತಿಯೂ ನೋಡದೆ ಗೀಚಿಬಿಡುತ್ತಾರೆ. ಹಾಗಾಗಿ ಶಾಲೆಯಲ್ಲಿ ಎಲ್ಲರೂ ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡು ಅವರಿಗೆ ಸಿಟ್ಟು ಬರುವುದನ್ನೇ ಕಾಯುತ್ತಿದ್ದರು. ನಾಚಿಕೆಗೆಟ್ಟವರು.

"ಸಾರ್, ಒಂದೆರಡು ಸಹಿ," ಎಂದರು ಡ್ರಾಯಿಂಗ್ ಮೇಷ್ಟ್ರು.

"ನಿಮಗೆ ಹೊತ್ತುಗೊತ್ತು ಇಲ್ವೇನ್ರೀ? ಕೊಡಿ ಇಲ್ಲಿ," ಎಂದು ಗಣಿತದ ಮೇಷ್ಟ್ರು ಗೋಡೆಗೆ ಒತ್ತಿ ಹಿಡಿದು ಎರಡಕ್ಕೂ ಗೀಚಿದರು. ಡ್ರಾಯಿಂಗ್ ಮೇಷ್ಟ್ರಿಗೆ ಎರಡು ದಿನ ರಜೆಯೂ ಒಂದು ಡಜನ್ ಬಣ್ಣದ ಡಬ್ಬಿಯೂ ಮಂಜೂರಾದವು.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಕಾಲಿಟ್ಟರೆ ಅಲ್ಲಿ ಇನ್ನೂ ದೊಡ್ಡ ಆಘಾತ. ಲೈಬ್ರರಿಯವರು ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದಿದ್ದರು. ಡ್ರಿಲ್ ಮೇಷ್ಟ್ರು ಅವರ ಹೆಗಲ ಮೇಲೆ ಬಗ್ಗಿ ಹೇಳಿಕೊಡುತ್ತಿದ್ದರು: "ಡಸ್ಟರ್ ಎಸೀರಿ, ಹೊಟ್ಟೆಗೆ ಎಸೀರಿ. ನಾನು ನಿನ್ನೆ ಹಾಗೇ ನಾಲ್ಕು ಸಲ ಉರುಳಿಸಿದೆ."

"ಯಾರನ್ನ ಉರುಳಿಸಿದ್ರಿ?" ಎಂದು ಹಿಂದಿನಿಂದ ಕೇಳಿದರು ಗಣಿತದ ಮೇಷ್ಟ್ರು.

ಡ್ರಿಲ್ ಮೇಷ್ಟ್ರು ಊಟದ ಡಬ್ಬಿಯ ಮುಚ್ಚಳ ಹುಡುಕತೊಡಗಿದರು. ಲೈಬ್ರರಿಯವರು ಮೊಬೈಲನ್ನು ಡಬ್ಬಿಯೊಳಗೇ ಇಟ್ಟು ಮುಚ್ಚಿದರು. ಹೊಸದಾಗಿ ಬಂದ ಕಂಪ್ಯೂಟರ್ ಮೇಡಂಗೆ ಮುಚ್ಚಿಡುವುದು ತಿಳಿಯದು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಹೋದ ವರ್ಷದ ಹತ್ತನೇ ಕ್ಲಾಸಿನವರ ಪ್ರಾಜೆಕ್ಟು ಸಾರ್. ಮಕ್ಕಳು ಪಾಸಾಗಿ ಹೋದ್ರು, ಆಟ ಉಳ್ಕೊಂಡಿದೆ. ಅವರಿಗೆ ಅಪ್ಪಣೆ ಕೊಟ್ಟೋರು ಯಾರು ಅಂತ ನಂಗೊತ್ತಿಲ್ಲ, ನಾನು ಬಂದು ಮೂರೇ ತಿಂಗಳು. ಆಟ ಗೆದ್ದರೆ ಕೊನೇಲಿ ಅಪ್ಪಣೆ ಕೊಟ್ಟೋರ ಹೆಸರು ಬರತ್ತಂತೆ. ಯಾರೂ ಇನ್ನೂ ಗೆದ್ದಿಲ್ಲ."

"ಯಾಕೆ ಗೆದ್ದಿಲ್ಲ?"

"ಕೆಂಡಾಮಂಡಲ ಮೇಷ್ಟ್ರು ಸೋಲಲ್ಲ ಸಾರ್. ಉರುಳಿದ್ರೂ ಎದ್ದು ಬರ್ತಾರೆ. ಹೊಡೆದಷ್ಟೂ ಸಿಟ್ಟು ಜಾಸ್ತಿ ಆಗಿ ಊದ್ಕೊಳ್ತಾರೆ."

ಗಣಿತದ ಮೇಷ್ಟ್ರ ಮೈಯೆಲ್ಲ ಉರಿಯಿತು. ಮಕ್ಕಳದು ಬಿಡಿ, ಅವಕ್ಕೆ ಬುದ್ಧಿಯಿಲ್ಲ. ಆದರೆ ಇದೇ ಶಾಲೆಯ ಅನ್ನ ತಿನ್ನುವ ಒಬ್ಬ ದೊಡ್ಡ ಮನುಷ್ಯ ಇದಕ್ಕೆ ಅಪ್ಪಣೆ ಕೊಟ್ಟಿದ್ದಾನಲ್ಲ? ಗುಂಡಿ ಇಲ್ಲದ ಜಾಗ, ಕನ್ನಡಕದ ದಾರ, ಇಷ್ಟು ಕರಾರುವಾಕ್ಕಾಗಿ ಚಿತ್ರ ಬರೆಯಲು ಬರುವವರು ಶಾಲೆಯಲ್ಲಿ ಒಬ್ಬರೇ. ಕುರ್ಚಿಗೆ ಎರಡನೇ ಹೆಸರೂ ಅವರದೇ. ಲೆಕ್ಕ ಸರಿಹೋಯಿತು. ನಾಲ್ಕರೊಳಗೆ ಆಟ ಗೆದ್ದು, ಆ ಹೆಸರನ್ನು ಕಾರ್ಯದರ್ಶಿಯ ಮುಂದೆ ಇಟ್ಟು, ಡ್ರಾಯಿಂಗ್ ಮೇಷ್ಟ್ರ ಮಾನ ಹರಾಜು ಹಾಕಿ ಆಮೇಲೆ ಕುರ್ಚಿಯಲ್ಲಿ ಕೂರುವುದು ಎಂದು ಅವರು ನಿರ್ಧರಿಸಿದರು.

ಎರಡೂಮುಕ್ಕಾಲಿಗೆ ಅವರು ಕಂಪ್ಯೂಟರ್ ಕೋಣೆಯಲ್ಲಿ ಕೂತರು. ಸುದ್ದಿ ಹಬ್ಬಲು ಐದು ನಿಮಿಷ ಸಾಕಾಯಿತು. ಒಂಬತ್ತನೇ ತರಗತಿ ಇಡಿಯಾಗಿ ಬಂತು. ಅವರನ್ನು ಓಡಿಸಬೇಕಾಗಿದ್ದ ಡ್ರಿಲ್ ಮೇಷ್ಟ್ರು ಒಂದು ಸ್ಟೂಲು ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕೂತರು.

"ಎಡಕ್ಕೆ ಸಾರ್, ಎಡಕ್ಕೆ."

"ಬನ್ನು ತಿನ್ನಿ ಸಾರ್, ಶಕ್ತಿ ಇಲ್ಲ ನಿಮಗೆ."

"ಹೊಟ್ಟೆಗೆ ಹೊಡೀರಿ ಸಾರ್. ನಿಮ್ಮ ಹೊಟ್ಟೆಗಲ್ಲ, ಅವರ ಹೊಟ್ಟೆಗೆ."

ಹಾಜರಿ ಪುಸ್ತಕಗಳನ್ನು ಮೇಷ್ಟ್ರು ಹೇಗೋ ದಾಟಿದರು. ಕೊನೆಯ ಕೋಣೆಯಲ್ಲಿ ಕೆಂಡಾಮಂಡಲ ಎದ್ದು ನಿಂತು "ಮನೇಲಿ ಹೇಳಿಕೊಡೋರು ಯಾರೂ ಇಲ್ವೇನೋ?" ಎಂದ. ಮೇಷ್ಟ್ರು ಸಿಟ್ಟಿನಿಂದ ಅಡಿಕೋಲು ಬೀಸಿದರು. ಅವನು ಕೆಂಪಾಗಿ ಊದಿ, ಒಂದು ಸೀಮೆಸುಣ್ಣ ಎಸೆದು ಅವರನ್ನು ಕೊಂದ. ಇನ್ನೊಂದು ಸಲ ಆಡಿದರು. ಇನ್ನೊಂದು ಸೀಮೆಸುಣ್ಣ ಬಂತು. ಮೇಷ್ಟ್ರು ತಮ್ಮ ಕೈಯಿಂದಲೇ ಹೀಗೆ ಸಾಯುತ್ತಿರುವುದು ಹನ್ನೊಂದನೇ ಸಲ ಎಂದು ಯಾರೋ ಗಟ್ಟಿಯಾಗಿ ಲೆಕ್ಕ ಹೇಳಿದರು.

ಮೂರೂಕಾಲಿಗೆ ಡ್ರಾಯಿಂಗ್ ಮೇಷ್ಟ್ರು ಬಂದರು, ಕೈಯಲ್ಲಿ ಕಾಗದ. "ಸಾರ್, ಒಂದು ಸಹಿ ಬೇಕಿತ್ತು. ಮೇಡಂ..."

"ಬಂದ್ರಾ? ಇರಿ, ನಿಮಗೂ ಇದೆ. ಆಮೇಲೆ."

ಮೂರೂ ನಲವತ್ತಕ್ಕೆ ಮತ್ತೆ ಬಂದರು. "ಸಾರ್, ಇದು ಅರ್ಜೆಂಟು..."

"ನಿಮ್ಮ ಸಹಿಗಿಷ್ಟು ಬೆಂಕಿ ಹಾಕ. ಆಚೆ ನಿಂತ್ಕೊಳ್ರಿ."

ಡ್ರಾಯಿಂಗ್ ಮೇಷ್ಟ್ರು ಗೋಡೆಗೆ ಒರಗಿ ನಿಂತು ಗಡಿಯಾರ ನೋಡತೊಡಗಿದರು. ಹದಿನಾರನೇ ಸಲ ಕೆಂಡಾಮಂಡಲನ ಎದುರು ನಿಂತಾಗ ಗಣಿತದ ಮೇಷ್ಟ್ರ ಹಣೆಯ ಬೆವರಿಗೆ ಕನ್ನಡಕದ ದಾರ ಸಡಿಲಾಗಿ, ಕನ್ನಡಕ ಜಾರಿ ತೊಡೆಯ ಮೇಲೆ ಬಿತ್ತು. ಅದಿಲ್ಲದೆ ಅವರಿಗೆ ಬಾಗಿಲೂ ಕಾಣದು, ಗೋಡೆಯೂ ಕಾಣದು. ಬೈದುಕೊಳ್ಳುತ್ತಾ ಕೈಯಿಂದ ತಡವಿ ತಡವಿ ದಾರ ಸುತ್ತಿ ಗಂಟು ಹಾಕಿದರು. ಸುತ್ತಲಿನ ಗಲಾಟೆ ಮೆಲ್ಲನೆ ನಿಂತದ್ದು ಅವರ ಗಮನಕ್ಕೆ ಬರಲಿಲ್ಲ.

ಕನ್ನಡಕ ಹಾಕಿಕೊಂಡು ನೋಡಿದರೆ ತೆರೆಯ ಮೇಲಿನ ಕೆಂಡಾಮಂಡಲ ಸಣ್ಣಗಾಗಿದ್ದ. ಮೂಲೆಯಲ್ಲಿ ಐವತ್ತೆಂಟು, ಐವತ್ತೊಂಬತ್ತು, ಅರವತ್ತು ಎಂದು ಸೆಕೆಂಡು ಓಡಿ ನಿಂತಿತು. ಒಂದು ನಿಮಿಷ ಯಾರೂ ಹೊಡೆಯದಿದ್ದದ್ದಕ್ಕೆ ಅವನ ಮುಖದ ಕೆಂಪು ಇಳಿದಿತ್ತು. ಅವನು ಕುರ್ಚಿಯಲ್ಲಿ ಕೂತ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ, ಮುಖವೆತ್ತಿ ನಕ್ಕ. "ಸರಿ, ಹೋಗ್ರಪ್ಪ. ನಾಳೆ ಬನ್ನಿ," ಎಂದ.

ಮೇಷ್ಟ್ರು ತೆರೆಯ ಹತ್ತಿರಕ್ಕೆ ಬಗ್ಗಿದರು. ನಕ್ಕರೆ ತಮ್ಮ ಮುಖ ಹೀಗಿರುತ್ತದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅದು ಅವರಿಗೆ ಇಷ್ಟವಾಯಿತು ಎಂದೇ ಹೇಳಬೇಕು.

ಆಮೇಲೆ ತೆರೆಯ ಮೇಲೆ ಒಂದು ಅರ್ಜಿ ಮೂಡಿತು. 'ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ಖಳನಾಯಕರನ್ನಾಗಿ ಇಟ್ಟುಕೊಂಡು, ಅವರ ಚಿತ್ರವನ್ನು ಡ್ರಾಯಿಂಗ್ ಮೇಷ್ಟ್ರಿಂದ ಬರೆಸಿ, ಆಟ ತಯಾರಿಸಲು ಅನುಮತಿ ಕೊಡಬೇಕೆಂದು ಕೋರಿಕೆ.' ಕೆಳಗೆ 'ಅನುಮತಿಸಿದೆ' ಎಂದಿತ್ತು. ಅದರ ಪಕ್ಕದಲ್ಲಿ ಕಾಗದ ಹರಿಯುವಷ್ಟು ಒತ್ತಿ ಗೀಚಿದ, ಬಾಲ ಅಂಚಿನಾಚೆ ಹೋದ ಒಂದು ಸಹಿ. ಆ ಸಹಿಯನ್ನು ಗುರುತಿಸದವರು ಕೋಣೆಯಲ್ಲಿ ಯಾರೂ ಇರಲಿಲ್ಲ.

"ನಾನು ಇದನ್ನ ಓದಿಲ್ಲ," ಎಂದರು ಮೇಷ್ಟ್ರು.

"ಅದು ಎಲ್ಲರಿಗೂ ಗೊತ್ತು ಸಾರ್," ಎಂದರು ಕಂಪ್ಯೂಟರ್ ಮೇಡಂ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದೇ ಹೊತ್ತಿಗೆ ಡ್ರಾಯಿಂಗ್ ಮೇಷ್ಟ್ರು ಮುಂದೆ ಬಂದು ಕಾಗದ ಚಾಚಿದರು. "ಸಾರ್, ನಾಲ್ಕಕ್ಕೆ ಐದೇ ನಿಮಿಷ. ದಯವಿಟ್ಟು ಇದೊಂದಕ್ಕೆ ಸಹಿ ಹಾಕಿಬಿಡಿ."

"ಸಹಿ?" ಮೇಷ್ಟ್ರು ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. "ಇಷ್ಟು ವರ್ಷ ನನ್ನ ಸಿಟ್ಟನ್ನ ಹಸು ಹಿಂಡಿದ ಹಾಗೆ ಹಿಂಡ್ಕೊಂಡ್ರಿ. ಬುದ್ಧಿ ಬಂತು ನನಗೆ. ಇನ್ಮೇಲೆ ಯಾರಿಗೂ ನನ್ನ ಸಹಿ ಸಿಗಲ್ಲ, ತಿಳ್ಕೊಳ್ಳಿ."

"ಸಾರ್, ಅದು ನಿಮ್ಮ..."

"ಬಾಯಿ ಮುಚ್ರೀ." ಅವರು ಕಾಗದ ಕಿತ್ತುಕೊಂಡು ಎರಡು ಮಾಡಿದರು, ನಾಲ್ಕು ಮಾಡಿದರು, ಗಣಿತದವರಾದ್ದರಿಂದ ಸಮನಾಗಿ ಎಂಟು ಮಾಡಿ ನೆಲಕ್ಕೆ ಎಸೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ಕಾಗದಕ್ಕೆ ಇಲ್ಲ ಎಂದ ಸಮಾಧಾನ ಅವರ ಮುಖದಲ್ಲಿತ್ತು.

ಹೆಡ್ ಮೇಡಂ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಚೀಲ ಹೆಗಲಿಗೇರಿಸಿದ ಕಾರ್ಯದರ್ಶಿಗಳು. "ಒಪ್ಪಿಗೆ ಫಾರಂ ಎಲ್ಲಿ?" ಎಂದು ಮೇಡಂ ಕೇಳಿದರು.

ಎಲ್ಲರೂ ನೆಲ ನೋಡಿದರು. ನಾಲ್ಕರ ಗಂಟೆ ಹೊಡೆಯಿತು. ಕಾರ್ಯದರ್ಶಿಗಳು ಚೀಲದಿಂದ ಇನ್ನೊಂದು ಫಾರಂ ತೆಗೆದು ಡ್ರಾಯಿಂಗ್ ಮೇಷ್ಟ್ರ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಹೊರಟುಹೋದರು.

"ನನಗೆ ಬೇಡದ ಕುರ್ಚಿ," ಎಂದು ಡ್ರಾಯಿಂಗ್ ಮೇಷ್ಟ್ರು ಹಲ್ಲು ಕಡಿದರು. "ನಿಮಗೆ ಗಂಟು ಹಾಕೋಣ ಅಂತ ಮೂರು ಸಲ ಕೇಳ್ಕೊಂಡೆ. ಈಗ ನಾಳೆಯಿಂದಲೇ ಅದರಲ್ಲಿ ಕೂರ್ಬೇಕು, ನನ್ನ ಎರಡು ದಿನದ ರಜೆ ಹಾಳಾಯ್ತಲ್ರೀ."

ಗಣಿತದ ಮೇಷ್ಟ್ರು ಬಗ್ಗಿ ಎಂಟು ಚೂರು ಹೆಕ್ಕಿದರು. ಮೇಜಿನ ಮೇಲೆ ಜೋಡಿಸಿ, ಮೊದಲಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದಿದರು. ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸುವುದೇ ಕಷ್ಟ, ನಾಳೆ ಒಂಬತ್ತನೇ ತರಗತಿಗೆ ಹೋಗುವುದಂತೂ ಆಗದ ಮಾತು. ಒಂದು ಹಾಳೆ ಹರಿದು 'ಆರೋಗ್ಯ ಸರಿಯಿಲ್ಲದ ಕಾರಣ ನಾಳೆ ಒಂದು ದಿನ ರಜೆ ಬೇಕು' ಎಂದು ಬರೆದು, ಹೊಸ ಉಪಮುಖ್ಯೋಪಾಧ್ಯಾಯರ ಮುಂದೆ ಇಟ್ಟರು.

ಡ್ರಾಯಿಂಗ್ ಮೇಷ್ಟ್ರು ಸಿಟ್ಟಿನಿಂದ ಕುದಿಯುತ್ತಿದ್ದರು. ಆದರೂ ಕುರ್ಚಿ ಎಳೆದು ಕೂತರು. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು, ತಿರುಗಿಸಿ ಹಿಂಬದಿ ನೋಡಿದರು, ಇನ್ನೊಂದು ಸಲ ಓದಿದರು.

"ಆರೋಗ್ಯಕ್ಕೆ ಏನಾಗಿದೆ ಸಾರ್? ಈಗ ತಾನೆ ಅಷ್ಟು ಚೆನ್ನಾಗಿ ಕೂಗಿದ್ರಲ್ಲ," ಎಂದು ಚೀಟಿ ವಾಪಸು ಕೊಟ್ಟರು. "ನಿಜವಾದ ಕಾರಣ ಬರ್ಕೊಂಡು ಬನ್ನಿ. ನಾನು ಓದದೆ ಸಹಿ ಹಾಕಲ್ಲ."