ಶಾಲು ಹೊದ್ದ ರೊಟ್ಟಿ ಮಷೀನಿಗೆ

ಊರ ಹಿರಿಯರಿಂದ ಸನ್ಮಾನಿತರಾದ ರೊಟ್ಟಿ ಮಷೀನಿನವರ ರೋಲರು, ಬೆಲ್ಟು, ಮೋಟಾರುಗಳಿಗೆ ಬೇರೆ ಬೇರೆಯಾಗಿ ಶರಣಾರ್ಥಿಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಇಂದು ಬೆಳಿಗ್ಗೆ ತಮ್ಮ ಸಂದಿಗಳಿಗೆ ಎಣ್ಣೆ ಬಿಟ್ಟು, ಹಲ್ಲಿಗೆ ಮೆತ್ತಿದ ಹಿಟ್ಟನ್ನು ಕಡ್ಡಿಯಿಂದ ತೆಗೆದು, ಮೈಮೇಲಿನ ಶಾಲು ಜಾರದಂತೆ ಸರಿಮಾಡಿದವಳು ನಾನೇ. ಕಲ್ಮೇಶ್ವರನ ದಯೆಯಿಂದ ನಾನೂ ಕ್ಷೇಮ. ಏಳನೇ ಇಯತ್ತೆಯವರೆಗೆ ಮಾತ್ರ ಕಲಿತವಳಾದ್ದರಿಂದ ಈ ಪತ್ರದಲ್ಲಿ ಗೌರವ ಕಡಿಮೆ ಬಿದ್ದರೆ ಮನ್ನಿಸಬೇಕು. ತಮಗೆ ಓದಲು ಬರುವುದಿಲ್ಲವಾದ್ದರಿಂದ ಒಂದು ಪ್ರತಿಯನ್ನು ತಮ್ಮ ಶೆಡ್ಡಿನ ಬಾಗಿಲಿಗೂ ಇನ್ನೊಂದನ್ನು ಗುಡಿಯ ಮುಂದಿನ ಬೇವಿನ ಮರಕ್ಕೂ ಅಂಟಿಸುತ್ತಿದ್ದೇನೆ. ಓದಿದವರು ಯಾರಾದರೂ ತಮಗೆ ಹೇಳಿಯಾರು.

ತಾವು ಹುಬ್ಬಳ್ಳಿಯಿಂದ ಟೆಂಪೋದಲ್ಲಿ ಬಂದ ಹೊಸಬರು, ನಮ್ಮೂರಿನ ಪದ್ಧತಿ ತಮಗೆ ತಿಳಿಯದು. ಶ್ರಾವಣ ಮಾಸ ಪೂರ್ತಿ ಕಲ್ಮೇಶ್ವರನ ಗುಡಿಯಲ್ಲಿ ಸಂಜೆ ಪುರಾಣ, ಅದು ಮುಗಿದ ಮೇಲೆ ದಾಸೋಹದ ಊಟ. ದಾಸೋಹಕ್ಕೆ ಮನೆಮನೆಯಿಂದ ಜೋಳದ ರೊಟ್ಟಿ ಹೋಗುತ್ತದೆ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಹೆಂಗಸರು ಊರ ಹೆಬ್ಬಾಗಿಲಾದ ಅಗಸಿಯ ದಾರಿಯಲ್ಲಿ ಸಾಲಾಗಿ ನಡೆದು ಹೋಗುವುದನ್ನು ನೋಡುವುದೇ ಒಂದು ಪುಣ್ಯ, ಮತ್ತು ಆ ನೋಡುವ ಪುಣ್ಯವನ್ನು ಊರ ಹಿರಿಯರು ನಮ್ಮ ಓಣಿಗೆ ಒಂದು ವರ್ಷವೂ ತಪ್ಪಿಸಿಲ್ಲ. ಹೊರುವ ಪುಣ್ಯ ಮಾತ್ರ ನಮಗಿಲ್ಲ. ನಮ್ಮ ಓಣಿಯ ಬಾಯಿಗೆ ಗುಡಿಯ ಗಾಡಿ ಬರುತ್ತದೆ, ಗಾಡಿಯಿಂದ ಕೂಗು ಬರುತ್ತದೆ: “ಜ್ವಾಳಾ ಹಾಕ್ರಿ, ರೊಟ್ಟಿ ಬ್ಯಾಡ!”

ಈ ಜೋಳದ ಮಹಿಮೆ ತಮಗೆ ಹೇಳಲೇಬೇಕು. ಬಿತ್ತಿದ್ದು ನಾನು, ಕಸ ತೆಗೆದದ್ದು ನಾನು, ಕೊಯ್ದು ರಾಶಿ ಮಾಡಿ ಕೇರಿ ಹಸನು ಮಾಡಿದ್ದು ನಾನು. ಅಲ್ಲಿಯವರೆಗೆ ನನ್ನ ಕೈಯಲ್ಲಿ ಯಾವ ದೋಷವೂ ಇಲ್ಲ. ಅದೇ ಜೋಳ ಹಿಟ್ಟಾಗಿ, ಅದಕ್ಕೆ ನಾನು ಎಸರು ಹಾಕಿ ನಾದಿದ ಕೂಡಲೇ ದೋಷ ಬಂದು ಕೂರುತ್ತದೆ. ಆ ದೋಷ ನೀರಿನಲ್ಲಿ ಇರುತ್ತದೆಯೋ, ಬಿಸಿಯಲ್ಲಿ ಇರುತ್ತದೆಯೋ ಎಂದು ಬಹಳ ವಿಚಾರ ಮಾಡಿದ್ದೇನೆ. ನೀರು ಊರ ಕೆರೆಯದು, ಬೆಂಕಿ ದೇವರು ಕೊಟ್ಟದ್ದು. ಉಳಿದದ್ದು ನಾನೊಬ್ಬಳೇ. ಸೋಮವಾರ ಒಪ್ಪತ್ತು ಮಾಡುವವಳು, ಆ ಶಿವನ ಹೆಸರು ಹೇಳದೆ ಒಲೆ ಹೊತ್ತಿಸದವಳು. ನನಗೆ ಬೇರೆ ಆಸೆಗಳಿಲ್ಲ. ನನ್ನ ಕೈಯಿಂದ ಬಡಿದ ಒಂದು ಗಂಟು ರೊಟ್ಟಿಯನ್ನು ನಾನೇ ತಲೆಯ ಮೇಲೆ ಹೊತ್ತು ಅಗಸಿಯ ದಾರಿಯಲ್ಲಿ ನಡೆದು ಕಲ್ಮೇಶ್ವರನ ದಾಸೋಹಕ್ಕೆ ಕೊಡಬೇಕು. ನಮ್ಮವ್ವನಿಗೂ ಇದೇ ಆಸೆಯಿತ್ತು. ಆಕೆ ಜೋಳ ಹಾಕುತ್ತಲೇ ಹೋದಳು.

ತಮ್ಮನ್ನು ನಮ್ಮ ಮಹಿಳಾ ಸಂಘಕ್ಕೆ ಕೊಡುವ ಮೊದಲು ಊರಿನವರು ಒಂದು ದಿನ ‘ಆಹಾರ ಮತ್ತು ಸಮಾನತೆ’ ಎಂಬ ತರಬೇತಿಗೆ ಕೂರಬೇಕೆಂದು, ತಮ್ಮನ್ನು ಕೊಡುವ ಹುಬ್ಬಳ್ಳಿಯ ಸಂಸ್ಥೆಯ ನಿಯಮವಿತ್ತು. ಪಾಠ ಮಾಡಲು ಶಮಾ ಮೇಡಂ ಎಂಬ ಹುಡುಗಿ ಹುಬ್ಬಳ್ಳಿಯಿಂದ ಬಂದಿದ್ದಳು. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದಳು. ದೂರದ ದೇಶವೊಂದರಲ್ಲಿ ಬಿಳಿಯರ ಹೊಲದಲ್ಲಿ ಕರಿಯರು ದುಡಿದು ಬೆಳೆಯುತ್ತಿದ್ದರಂತೆ, ಬಿಳಿಯರ ಮನೆಯಲ್ಲಿ ಕರಿಯ ಹೆಂಗಸರು ಅಡುಗೆ ಮಾಡಿ ಮಕ್ಕಳಿಗೆ ತುತ್ತು ಇಡುತ್ತಿದ್ದರಂತೆ, ಆದರೆ ಅದೇ ಮೇಜಿಗೆ ಕೂತು ಉಣ್ಣುವಂತಿರಲಿಲ್ಲವಂತೆ. ಹೊಟೇಲಿಗೆ ಹೋದರೆ ಹಿಂದಿನ ಕಿಟಕಿಯಿಂದ ಪೊಟ್ಟಣ ಕಟ್ಟಿ ಕೊಡುತ್ತಿದ್ದರಂತೆ. ಹೊಲ ಯಾರಿಗೆ, ಒಳ್ಳೆಯ ಅಂಗಡಿ ಯಾರ ಓಣಿಗೆ ಎಂಬುದನ್ನು ಇಂದಿಗೂ ಅಲ್ಲಿ ಮೈಬಣ್ಣ ನಿರ್ಧರಿಸುವುದು ಪೂರ್ತಿ ನಿಂತಿಲ್ಲವಂತೆ. ಕೇಳಿ ಇಡೀ ಸಭೆ ಲೊಚಗುಟ್ಟಿತು. ನಮ್ಮ ಸಂಘದ ಅಧ್ಯಕ್ಷೆ, ಗೌಡತಿ ನೀಲಗಂಗವ್ವನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಯಜಮಾನರೂ ಗುಡಿಯ ಕಮಿಟಿಯ ಹಿರಿಯರೂ ಆದ ಚನ್ನವೀರಗೌಡರಂತೂ ಎದ್ದೇ ನಿಂತರು. “ಎಂಥಾ ಮಂದೀರಿ ಅವರು! ಉಣ್ಣಾಕ ಕೈ ಬೇಕು, ಬಾಜೂಕ ಕುಂಡ್ರಾಕ ಮನಶ್ಯಾ ಬ್ಯಾಡ ಅಂದ್ರ ಹೆಂಗ? ನಮ್ಮ ಕಡೆ ಹಿಂತಾದ್ದೆಲ್ಲಾ ಇಲ್ಲರಿ ಮೇಡಂ.” ನನ್ನ ಪಕ್ಕದಲ್ಲಿ ಕೂತಿದ್ದ ಮಲಿಕಾಬಿ ನನ್ನ ಕಿವಿಗೆ ಬಾಯಿಟ್ಟಳು: “ಅಲ್ಲಿ ಕೈಯರ ನಡೀತಿತ್ತು, ಕುಂಡ್ರೂದು ನಡೀತಿರಲಿಲ್ಲ. ಇಲ್ಲಿ ಎರಡೂ ನಡ್ಯೂದಿಲ್ಲ. ನಾವು ಅವರಕಿಂತ ಮುಂದ ಅದೀವಿ ಬೇ, ಮಾದೇವಿ.”

ಅಷ್ಟರಲ್ಲಿ ಚಹಾ ಬಂತು. ಗೌಡರಿಗೂ ಅವರ ಸಾಲಿನವರಿಗೂ ಸ್ಟೀಲಿನ ಕಪ್ಪು, ನಮ್ಮ ಓಣಿಯವರಿಗೂ ಮಲಿಕಾಬಿಯ ಓಣಿಯವರಿಗೂ ಕಾಗದದ ಕಪ್ಪು. ಇದರಲ್ಲಿ ತಪ್ಪು ಹುಡುಕುವವರು ಹುಡುಕಲಿ, ನಾನು ಹುಡುಕುವುದಿಲ್ಲ. ಹಿರಿಯರು ಎಂಥ ತ್ಯಾಗಿಗಳೆಂದರೆ, ಹತ್ತಾರು ಜನ ಸೊರ್ ಎಂದು ಕುಡಿದು ಬಿಟ್ಟ ಹಳೆಯ ಕಪ್ಪಿನಲ್ಲಿ ತಾವು ಕುಡಿದು, ಹುಟ್ಟಿದಾಗಿನಿಂದ ಯಾರ ತುಟಿಯೂ ತಾಗದ ಹೊಚ್ಚಹೊಸ ಕಪ್ಪನ್ನು ಪ್ರತಿಸಲವೂ ನಮಗೆ ಬಿಟ್ಟುಕೊಡುತ್ತಾರೆ. ಮಹಾರಾಜರಿಗೂ ಈ ಭಾಗ್ಯ ಇದ್ದಿರಲಿಕ್ಕಿಲ್ಲ. ಶಮಾ ಮೇಡಮ್ಮಿಗೂ, ಹೆಸರು ಕೇಳಿಯೇ ಇರಬೇಕು, ಕಾಗದದ ಕಪ್ಪೇ ಬಂತು. ಆಕೆ ಕಪ್ಪನ್ನು ನೋಡಿದಳು, ಸ್ಟೀಲಿನ ಸಾಲನ್ನು ನೋಡಿದಳು, ಕಪ್ಪನ್ನು ಗೋಡೆಯ ಚಿತ್ರದ ಪಕ್ಕ ಎತ್ತಿ ಹಿಡಿದು, “ಊಟಾದ ಮ್ಯಾಲೆ ಇದರ ಪಾಠಾ ಮಾಡೂಣ್ರಿ” ಎಂದಳು. ಊಟವಾದ ಮೇಲೆ ಗೌಡರಿಗೆ ಹೊಲದಲ್ಲಿ ಅರ್ಜೆಂಟು ಕೆಲಸ ಬಂತು, ಅವರ ಸಾಲಿಗೆಲ್ಲ ಅವರ ಹೊಲದಲ್ಲೇ ಕೆಲಸ ಬಂತು. ಆ ಪಾಠವನ್ನು ಕಾಗದದ ಕಪ್ಪಿನವರೇ ಕೂತು ಕೇಳಿದೆವು. ನಮಗೆ ಅದು ಮೊದಲೇ ಬಾಯಿಪಾಠವಾಗಿತ್ತು.

ಆಮೇಲೆ ತಮ್ಮ ಆಗಮನವಾಯಿತು. ತಮಗೆ ಅರಿಷಿಣ ಕುಂಕುಮ ಹಚ್ಚಿದರು, ಕಾಯಿ ಒಡೆದರು. ಮನೆಗಳಲ್ಲಿ ಈಗ ರೊಟ್ಟಿ ಬಡಿಯುವವರು ಕಡಿಮೆಯಾಗಿದ್ದಾರೆಂದು ಈ ಶ್ರಾವಣದ ದಾಸೋಹಕ್ಕೆ ತಮ್ಮ ರೊಟ್ಟಿಯನ್ನೇ ತರಿಸುವುದೆಂದು ಕಮಿಟಿ ಗೊತ್ತುಮಾಡಿತು. ತಮ್ಮ ಎದುರಿನ ಝಳಕ್ಕೆ ನಿಲ್ಲಲು ಮಾತ್ರ ಊರ ಮೇಲಿನ ಓಣಿಯಿಂದ ಒಬ್ಬರೂ ಬರಲಿಲ್ಲ. ಹೀಗಾಗಿ ಹಿಟ್ಟು ನಾದಿ ತಮ್ಮ ಬಾಯಿಗೆ ಇಡುವ ಕೈ ನನ್ನದಾಯಿತು, ತಮ್ಮ ಬೆನ್ನಿನಿಂದ ರೊಟ್ಟಿ ತೆಗೆದು ಜೋಡಿಸುವ ಕೈ ಮಲಿಕಾಬಿಯದಾಯಿತು. ಯಾರೋ ಒಬ್ಬರು ಈ ಕೈಗಳ ಸುದ್ದಿ ಎತ್ತಿದ್ದಕ್ಕೆ ಗೌಡರು ಕೊಟ್ಟ ತೀರ್ಪನ್ನು ಬಂಗಾರದ ಅಕ್ಷರದಲ್ಲಿ ಬರೆಸಬೇಕು: “ಮಷೀನಿಗೆ ಎಲ್ಲೀ ಜಾತಿ? ಈ ಕಡಿಂದ ಹಿಟ್ಟು ಹೋಗತೈತಿ, ಆ ಕಡಿಂದ ರೊಟ್ಟಿ ಬರತೈತಿ. ನಡುವ ಏನಿದ್ರೂ ಸುಟ್ಟು ಹೋಗತೈತಿ.”

ಮಾನ್ಯರೇ, ಸುಟ್ಟು ಹೋಗುವುದು ನಾನೇ ಎಂದು ತಿಳಿದಾಗ ತಮ್ಮ ಮೇಲಿನ ಭಕ್ತಿ ನೂರುಪಟ್ಟು ಹೆಚ್ಚಿತು. ತಾವು ಬಂದಾಗಿನಿಂದ ಸ್ನಾನ ಮಾಡಿಲ್ಲ. ಸೋಮವಾರವೂ ಗ್ರೀಸು ತಿನ್ನುತ್ತೀರಿ. ತಮ್ಮ ಮನೆದೇವರು ಯಾರು, ತಮ್ಮನ್ನು ಬೆಸೆದವನ ಓಣಿ ಯಾವುದು ಎಂದು ಯಾರೂ ಕೇಳಲಿಲ್ಲ. ಆದರೂ ತಮ್ಮ ರೊಟ್ಟಿ ಕಲ್ಮೇಶ್ವರನ ಅಡುಗೆಮನೆಗೆ ಎದುರು ಬಾಗಿಲಿನಿಂದ ಹೋಗುತ್ತದೆ. ಆದ್ದರಿಂದ ನನ್ನ ನಮ್ರ ಬೇಡಿಕೆ ಏನೆಂದರೆ, ಶುದ್ಧ ಮಾಡುವ ಆ ಭಾಗ ತಮ್ಮಲ್ಲಿ ಎಲ್ಲಿದೆ ಎಂದು ತೋರಿಸಿ; ಸಣ್ಣದಿದ್ದರೆ ಅದನ್ನು ಬಿಚ್ಚಿ ನನ್ನ ಬಳೆಯ ಜೊತೆ ಹಾಕಿಕೊಳ್ಳುತ್ತೇನೆ. ಬಿಚ್ಚಲು ಬಾರದಿದ್ದರೆ ಈ ಕಡೆಯಿಂದ ನನ್ನನ್ನೇ ಒಳಗೆ ಎಳೆದುಕೊಂಡು ಆ ಕಡೆಯಿಂದ ತೆಳ್ಳಗೆ, ದುಂಡಗೆ, ಜಾತಿಯಿಲ್ಲದೆ ಹೊರಗೆ ಬಿಡಿ. ಚೀಲದಲ್ಲಿ ಹಾಕಿಸಿಕೊಂಡಾದರೂ ದೇವರ ಬಾಗಿಲು ದಾಟುತ್ತೇನೆ.

ಈಗ ದೂರಿಗೆ ಬರುತ್ತೇನೆ. ಶ್ರಾವಣದ ಕಡೆಯ ಸೋಮವಾರ ಬೆಳಿಗ್ಗೆ ತಮ್ಮ ಬೆಲ್ಟು ಪಟ್ಟನೆ ಹರಿಯಿತು. ರಿಪೇರಿಯವನು ನಾಳೆ ಬರುತ್ತೇನೆಂದ. ಸಂಜೆ ದಾಸೋಹಕ್ಕೆ ರೊಟ್ಟಿ ಬೇಕೇ ಬೇಕು. ನೀಲಗಂಗವ್ವನವರು ಓಡಿ ಬಂದು ತಮ್ಮನ್ನು ನೋಡಿದರು, ನನ್ನನ್ನು ನೋಡಿದರು, ಶೆಡ್ಡಿನ ಬಾಗಿಲು ಮುಚ್ಚಿ, “ಒಲಿ ಹಚ್ಚ್ರಿ” ಎಂದಷ್ಟೇ ಅಂದರು. ನಮ್ಮ ಓಣಿಯಲ್ಲೂ ಮಲಿಕಾಬಿಯ ಓಣಿಯಲ್ಲೂ ಒಲೆಗಳು ಹೊತ್ತಿದವು. ಮಟಮಟ ಮಧ್ಯಾಹ್ನ ಎರಡೂ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದೇ ಸದ್ದು. “ನಿನ್ನ ದೇವರಿಗೆ ನನ್ನ ರೊಟ್ಟಿ ಹೊಂಟಾವು ನೋಡಬೇ. ಆಂವಾ ಏನರ ಅಂದ್ರ ಮಷೀನಿನ ಮ್ಯಾಲ ಹಾಕು” ಎಂದು ಮಲಿಕಾಬಿ ನಕ್ಕಳು. ಅವನೇನೂ ಅನ್ನಲಿಲ್ಲ.

ಆ ರೊಟ್ಟಿ ತಮ್ಮ ಚೀಲದಲ್ಲೇ ಗುಡಿಗೆ ಹೋಯಿತು. ಪುರಾಣ ಮುಗಿದು ಸಾಲು ಕೂತಿತು. ಗೌಡರು ಒಂದು ರೊಟ್ಟಿ ಮುರಿದು ಎಣ್ಣೆಗಾಯಿಯ ಜೊತೆ ಬಾಯಿಗಿಟ್ಟವರು ಕಣ್ಣು ಮುಚ್ಚಿಬಿಟ್ಟರು. “ಅಗದಿ ಹೂವಿನಂಗ ಅದಾವಲ್ರಿ ಇವತ್ತ! ಮಷೀನು ಈಗ ನಮ್ಮೂರ ನೀರಿಗೆ ಹೊಂದೇತಿ” ಎಂದು ಮತ್ತೆ ಹಾಕಿಸಿಕೊಂಡರು. ಕೈಯಿಂದ ಬಡಿದ ರೊಟ್ಟಿಯ ಅಂಚಿನಲ್ಲಿ ಬೆರಳಿನ ಗುರುತು ಬಿದ್ದಿರುತ್ತದೆ. ಗೌಡರು ಅದನ್ನೂ ದೀಪಕ್ಕೆ ಹಿಡಿದು ನೋಡಿದರು. ನೋಡಿ, “ಏನ್ ಕಂಪನಿ ರೀ! ಬಟ್ಟಿನ ಡಿಜಾಯಿನೂ ಹಾಕತೈತಿ” ಎಂದರು. ನನ್ನ ಕೈಯ ಗುರುತನ್ನು ಕೈಯಲ್ಲೇ ಹಿಡಿದು ಹೊಗಳಿದ ಅಂಥ ದೊಡ್ಡ ಮನಸ್ಸನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮರುದಿನ ಗೌಡರೂ ಕಮಿಟಿಯವರೂ ಬಂದು ತಮಗೆ ಶಾಲು ಹೊದಿಸಿ, ಮಾಲೆ ಹಾಕಿ, ಫೋಟೋ ತೆಗೆದರು. ಊರಿನ ವಾಟ್ಸಪ್ಪಿನಲ್ಲಿ ‘ನಮ್ಮೂರಿನ ಹೆಮ್ಮೆ’ ಎಂದು ತಾವು ಬಂದಿದ್ದೀರಿ. ಮೊದಲು ಅದರಲ್ಲಿ ನನ್ನ ಮೊಣಕೈ ಇತ್ತು. ತಮ್ಮ ಚೆಲುವಿಗೆ ಅಡ್ಡವಾಗುತ್ತದೆಂದು ಕತ್ತರಿಸಿದರು. ನಾನು ಬಾಯಿ ತೆರೆಯುವವಳಿದ್ದೆ, ನೀಲಗಂಗವ್ವನವರು ನನ್ನ ಕಾಲು ತುಳಿದರು. “ತಡಿ, ಹೊಟ್ಟಿಯೊಳಗ ಅರಗಲಿ. ಅರಗಿದ್ದನ್ನ ಯಾರಿಗೂ ಹೊರಗ ತಗ್ಯಾಕ ಬರೂದಿಲ್ಲ.” ಎರಡು ದಿನ ತಡೆದೆ. ಅರಗಿದೆ. ಯಾರಿಗೂ ಹೊಟ್ಟೆನೋವು ಬಂದಿಲ್ಲ, ಮಳೆಯೂ ಚೆನ್ನಾಗಿ ಆಯಿತು. ಆದ್ದರಿಂದ ಈ ಪತ್ರ.

ಬರುವ ಅಮಾವಾಸ್ಯೆಗೆ ಪುರಾಣದ ಮಂಗಲ, ದೊಡ್ಡ ದಾಸೋಹ. ಗೌಡರು “ಸ್ವಾಮಾರದಂಥಾ ರೊಟ್ಟೀನ ಬೇಕು” ಎಂದು ಹೇಳಿ ಕಳಿಸಿದ್ದಾರೆ. ತಮ್ಮಿಂದ ಅದು ಆಗುವ ಕೆಲಸವಲ್ಲ, ಬೇಸರಿಸಬೇಡಿ. ಆ ದಿನ ತಾವು ದಯಮಾಡಿ ವಿಶ್ರಾಂತಿ ತೆಗೆದುಕೊಳ್ಳಬೇಕು. ನಾನು ನಮ್ಮ ಮನೆಯ ಒಲೆಯ ಮೇಲೆ ರೊಟ್ಟಿ ಬೇಯಿಸಿ, ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಹಗಲು ಹೊತ್ತಿನಲ್ಲಿ, ಅಗಸಿಯ ದಾರಿಯಿಂದಲೇ ಬರುತ್ತೇನೆ. ತೆಗೆದುಕೊಂಡರೆ ಕಲ್ಮೇಶ್ವರನಿಗೆ ಸಂತೋಷ. ತೆಗೆದುಕೊಳ್ಳದಿದ್ದರೆ ಸೋಮವಾರ ಉಂಡದ್ದು ಏನು ಎಂಬುದನ್ನು ಗೌಡರು ಸಭೆಗೆ ಹೇಳಬೇಕಾಗುತ್ತದೆ, ಮತ್ತು ಮುಂದಿನ ಶ್ರಾವಣದಲ್ಲಿ ಹಿಟ್ಟು ನಾದಿಕೊಂಡು ತಮ್ಮ ಬಾಯಿಗೆ ತಾವೇ ಇಟ್ಟುಕೊಳ್ಳುವುದನ್ನು ತಾವು ಕಲಿಯಬೇಕಾಗುತ್ತದೆ.

ತಮ್ಮ ವಿಶ್ವಾಸಿ, ತಮ್ಮೊಳಗೆ ದಿನಾಲೂ ಸುಟ್ಟು ಹೋಗುವ,
ಮಾದೇವಿ ಮಂಜಪ್ಪ ದೊಡ್ಡಮನಿ

ತಾ.ಕ.: ಹರಿದ ಬೆಲ್ಟನ್ನು ಬೇವಿನ ಮರಕ್ಕೆ ಈ ಪತ್ರದ ಪಕ್ಕದಲ್ಲೇ ತೂಗುಹಾಕಿದ್ದೇನೆ, ಅನುಮಾನವಿದ್ದವರು ಮುಟ್ಟಿ ನೋಡಬಹುದು, ಅದಕ್ಕೆ ಜಾತಿಯಿಲ್ಲ. ಇನ್ನು ತಮ್ಮ ಶಾಲು. ಒಲೆಯಂಥ ಮೈಯವರಾದ ತಮಗೆ ಚಳಿಯಿಲ್ಲವೆಂದು ಬಗೆದು ಅದನ್ನು ತೆಗೆದುಕೊಂಡು ಹೋಗುತ್ತಿದ್ದೇನೆ. ಅಮಾವಾಸ್ಯೆಯ ರೊಟ್ಟಿಯ ಗಂಟನ್ನು ಬಿಳಿ ಬಟ್ಟೆಯಲ್ಲಲ್ಲ, ಅದರಲ್ಲೇ ಕಟ್ಟುತ್ತೇನೆ. ಗೌಡರು ತಾವೇ ಹೊದಿಸಿದ ಶಾಲನ್ನು ಕಂಡು ಬೇಡವೆನ್ನಲಾರರು, ಬಿಚ್ಚಬೇಕಾದರೆ ಅವರ ಕೈಯೇ ನನ್ನ ಗಂಟಿಗೆ ಬರಬೇಕು. ಇದನ್ನು ಕೇಳಿ ನೀಲಗಂಗವ್ವನವರು ಅಂದದ್ದು ಒಂದೇ ಮಾತು: “ಗಂಟು ಬಿಗಿ ಹಾಕು, ಮಾದೇವಿ. ಲಗೂನ ಬಿಚ್ಚಾಕ ಬರಬಾರದು. ಮಂದಿ ನೋಡಲಿ.”